ಕಂಪನಿ ಎಲ್-1ಎ ವೀಸಾದಲ್ಲಿ ಅಮೆರಿಕಕ್ಕೆ ಕಳಿಸುತ್ತೇವೆ ಅಂದಿದೆ, ಒಪ್ಪಬಹುದಾ?

ನೀವು ಕಾಸರಗೋಡಿನ ಬದಿಯಡ್ಕದವರು, ಬೆಂಗಳೂರಿನ ಕಂಪನಿಯಲ್ಲಿ ಮ್ಯಾನೇಜರ್. ಎಚ್-1ಬಿ ಬದಲು ಎಲ್-1ಎ ಯಾಕೆ, ಹೆಂಡತಿ ಅಲ್ಲಿ ಕೆಲಸ ಮಾಡಬಹುದಾ ಅಂತ ಕೇಳಿದ್ದೀರಿ. ನಾನು ಅಲ್ಲೇ ಹತ್ತಿರದ ಪೆರ್ಲದವನು. ಇದೇ ವೀಸಾದಲ್ಲಿ ಹೋಗಿ ಆರು ವರ್ಷ ಇದ್ದು ಬಂದೆ. ಮೊದಲ ಸಲ ರಿಜೆಕ್ಟ್ ಕೂಡ ಆಗಿತ್ತು. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಒಪ್ಪಬಹುದು. ಎಲ್-1ಎ ಅಂದರೆ ಕಂಪನಿ ತನ್ನದೇ ಮ್ಯಾನೇಜರ್‌ಗಳನ್ನು ಅಮೆರಿಕದ ಆಫೀಸಿಗೆ ಕಳಿಸುವ ವೀಸಾ. ಎಚ್-1ಬಿ, ಅಂದರೆ ಪರಿಣತ ಕೆಲಸಗಾರರ ವೀಸಾಕ್ಕೆ ವರ್ಷಕ್ಕೆ 65,000, ಅಲ್ಲಿ ಮಾಸ್ಟರ್ಸ್ ಓದಿದವರಿಗೆ ಇನ್ನೊಂದು 20,000 ಅಂತ ಮಿತಿ ಇದೆ. ಎಲ್-1ಕ್ಕೆ ಅಂಥ ಮಿತಿ ಇಲ್ಲ, ಲಾಟರಿಯೂ ಇಲ್ಲ. ಆದರೆ ಅಮೆರಿಕದ ಆಫೀಸು ನಿಮ್ಮ ಕಂಪನಿಯದ್ದೇ ಶಾಖೆಯೋ, ಮಾತೃ ಸಂಸ್ಥೆಯೋ, ಅಂಗಸಂಸ್ಥೆಯೋ ಆಗಿರಬೇಕು. ಹಿಂದಿನ ಮೂರು ವರ್ಷಗಳಲ್ಲಿ ಒಂದು ವರ್ಷ ಪೂರ್ತಿ ನೀವು ಅಮೆರಿಕದ ಹೊರಗೆ ಆ ಕಂಪನಿಗೆ ದುಡಿದಿರಬೇಕು. ನಡುವೆ ಮೀಟಿಂಗಿಗೆ ಅಂತ ಅಮೆರಿಕಕ್ಕೆ ಹೋಗಿದ್ದರೆ ಆ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಎಲ್-1ಎಯಲ್ಲಿ ಒಟ್ಟು 7 ವರ್ಷ ಇರಬಹುದು. ವಿಶೇಷ ಪರಿಣತಿ ಇರುವವರಿಗೆ ಕೊಡುವ ಎಲ್-1ಬಿಯಲ್ಲಿ 5 ವರ್ಷ ಮಾತ್ರ.

ಇನ್ನು ನನ್ನ ರಿಜೆಕ್ಟ್ ಕಥೆ. ಕಾಸರಗೋಡಿನಲ್ಲಿ ಚೆನ್ನೈ ಮೇಲ್ ರೈಲು ಹತ್ತಿ ಇಂಟರ್‌ವ್ಯೂಗೆ ಹೋಗಿದ್ದೆ. ಕಂಪನಿಯದ್ದು ಬ್ಲಾಂಕೆಟ್ ಅರ್ಜಿ. ಅಂದರೆ ದೊಡ್ಡ ಕಂಪನಿ ತನ್ನ ಶಾಖೆಗಳಿಗೆಲ್ಲ ಸೇರಿಸಿ ಮೊದಲೇ ಒಪ್ಪಿಗೆ ಪಡೆದಿರುತ್ತದೆ, ನಮ್ಮ ಅರ್ಹತೆಯನ್ನು ಕಾನ್ಸುಲೇಟಿನ ಕಿಟಕಿಯಲ್ಲೇ ನೋಡುತ್ತಾರೆ. ಅಧಿಕಾರಿ ಕೇಳಿದ್ದು ಒಂದೇ: 'ದಿನಾ ಏನು ಮಾಡುತ್ತೀರಿ?' ನಾನು ಉತ್ಸಾಹದಲ್ಲಿ ಕೋಡ್ ರಿವ್ಯೂ, ಡಿಸೈನು ಅಂತ ಐದು ನಿಮಿಷ ಹೇಳಿದೆ. ನನ್ನ ಕೆಳಗಿದ್ದ ಒಂಬತ್ತು ಜನರ ಸುದ್ದಿಯೇ ಎತ್ತಲಿಲ್ಲ. ಪಾಸ್‌ಪೋರ್ಟ್ ವಾಪಸ್ ಬಂತು, ವೀಸಾ ಇಲ್ಲ.

ಊರಿಗೆ ಬಂದು ಅಂಗಳದಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ಒಣಗಲು ಹಾಕಿದ್ದ ಅಡಿಕೆ ತಿರುವುತ್ತಲೇ ಅಂದರು, 'ಸುಲಿಯುವವರ ಲೆಕ್ಕ ಬರೆಯುವವನೂ ನಡುನಡುವೆ ನಾಲ್ಕು ಅಡಿಕೆ ಸುಲಿಯುತ್ತಾನೆ. ನಿನ್ನ ಕೆಲಸ ಏನು ಅಂತ ಕೇಳಿದರೆ ಸುಲಿಯುವುದು ಅಂತ ಹೇಳುತ್ತಾನಾ?' ಅಲ್ವಾ? ಅವತ್ತು ರಾತ್ರಿ ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ವಾರದ ಗಂಟೆಗಳನ್ನು ಬರೆದೆ. ಯಾರನ್ನು ತೆಗೆದುಕೊಳ್ಳಬೇಕು, ಯಾರಿಗೆ ಬಡ್ತಿ, ಬಜೆಟ್, ಯಾವ ಕೆಲಸ ಯಾರಿಗೆ ಅನ್ನುವುದಕ್ಕೇ ಮುಕ್ಕಾಲು ಪಾಲು ಹೋಗುತ್ತಿತ್ತು. ಕಂಪನಿ ಆಮೇಲೆ ನನ್ನೊಬ್ಬನ ಹೆಸರಲ್ಲೇ ಅಮೆರಿಕದಲ್ಲಿ ಅರ್ಜಿ ಹಾಕಿತು. ಆ ಹಾಳೆಯಲ್ಲಿದ್ದದ್ದೇ ಅರ್ಜಿಯ ಜೊತೆ ಕಂಪನಿ ಕೊಡುವ ಪತ್ರಕ್ಕೆ, ಅಂದರೆ ಸಪೋರ್ಟ್ ಲೆಟರಿಗೆ ಹೋಯಿತು. ಈ ಸಲ ಸಿಕ್ಕಿತು.

ನೀವೂ ಹೀಗೆ ಬರೆದು ನೋಡಿ. ಹೆಚ್ಚಿನ ಸಮಯ ನೀವೇ ಕೂತು ಕೆಲಸ ಮಾಡುವುದಕ್ಕೇ ಹೋಗುತ್ತಿದ್ದರೆ, ಕಾರ್ಡಿನಲ್ಲಿ ಮ್ಯಾನೇಜರ್ ಅಂತ ಇದ್ದರೂ ಕಷ್ಟ. ಸುಮ್ನೆ ದೊಡ್ಡದು ಮಾಡಿ ಬರೆಯಬೇಡಿ, ಅದು ಸುಳ್ಳು ಹೇಳಿದ ಹಾಗೆ. ಕೆಳಗೆ ಜನರಿಲ್ಲದಿದ್ದರೂ ಕಂಪನಿಯ ಒಂದು ಮುಖ್ಯ ವಿಭಾಗವನ್ನೇ ನೋಡಿಕೊಳ್ಳುವವರಿಗೆ ದಾರಿ ಇದೆ, ಅದನ್ನು ವಕೀಲರ ಹತ್ತಿರ ಕೇಳಿ.

ಹೆಂಡತಿ ಧಾರಾಳವಾಗಿ ಕೆಲಸ ಮಾಡಬಹುದು. ಎಲ್-1 ಇರುವವರ ಹೆಂಡತಿ ಮಕ್ಕಳಿಗೆ ಸಿಗುವುದು ಎಲ್-2 ವೀಸಾ. 2021ರ ನವೆಂಬರ್‌ನಿಂದ ಎಲ್-2 ಸಂಗಾತಿಗೆ ಬೇರೆ ವರ್ಕ್ ಪರ್ಮಿಟ್ ಬೇಕಾಗಿಲ್ಲ. ಅಮೆರಿಕಕ್ಕೆ ಕಾಲಿಟ್ಟಾಗ ಆಗುವ ಪ್ರವೇಶ ದಾಖಲೆ ಐ-94ರಲ್ಲಿ ಎಲ್-2ಎಸ್ (ಎಲ್-2 ಸಂಗಾತಿ) ಅಂತ ಇದೆಯಾ ನೋಡಿಕೊಂಡರೆ ಆಯಿತು. ಮಕ್ಕಳು ಓದಬಹುದು, ದುಡಿಯುವ ಹಾಗಿಲ್ಲ.

ನಮ್ಮ ಕಡೆಯವರಿಗೆ ಜಾಸ್ತಿ ತಲೆನೋವು ಹೆಸರಿನದ್ದು. ಶಾಲೆಯಲ್ಲಿ ಕನ್ನಡ, ಪಂಚಾಯತಿನಲ್ಲಿ ಮಲಯಾಳ, ಪಾಸ್‌ಪೋರ್ಟಿನಲ್ಲಿ ಇಂಗ್ಲಿಷ್. ನಾವು 'ಶ್ರೀ'ಗೆ ಎಸ್‌ಎಚ್‌ಆರ್‌ಐ ಬರೆದರೆ ಪಂಚಾಯತಿನ ಕಾಗದದಲ್ಲಿ ಎಸ್‌ಆರ್‌ಇಇ ಆಗಿರುತ್ತದೆ. ನನ್ನ ಹೆಂಡತಿಯ ಹೆಸರು ಮದುವೆ ಸರ್ಟಿಫಿಕೇಟಿನಲ್ಲಿ ಹೀಗೇ ಬೇರೆಯಾಗಿ, ತಿದ್ದಿಸಲು ಪಂಚಾಯತಿಗೆ ನಾಲ್ಕು ಸಲ ಓಡಾಡಿದೆವು. ನೀವು ಇವತ್ತೇ ಪಾಸ್‌ಪೋರ್ಟು, ಮದುವೆ ಸರ್ಟಿಫಿಕೇಟು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಒಂದು ಮಾತು ಮುಚ್ಚಿಡುವುದಿಲ್ಲ. ಈ ವೀಸಾದಲ್ಲಿ ಬೇರೆ ಕಂಪನಿಗೆ ಹಾರಲು ಆಗುವುದಿಲ್ಲ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ ಸಿಗುತ್ತದೆ. ಹೋಗುವ ಮೊದಲೇ, ವಾಪಸ್ ಬಂದರೆ ಬೆಂಗಳೂರಿನ ಹುದ್ದೆ ಉಳಿಯುತ್ತದಾ ಅಂತ ಎಚ್‌ಆರ್ ಹತ್ತಿರ ಬರಹದಲ್ಲಿ ತೆಗೆದುಕೊಳ್ಳಿ. ಸಪೋರ್ಟ್ ಲೆಟರಿನ ಪ್ರತಿಯನ್ನೂ ಕೇಳಿ ಓದಿ. ನಾನು ಅದನ್ನು ಕಿಟಕಿಯ ಮುಂದೆ ನಿಲ್ಲುವವರೆಗೂ ಓದಿರಲಿಲ್ಲ.