ಗಾಡಿ ಮಾತು: ಸದ್ದು ಯಾವ ಚಕ್ರದ್ದು?

ಪ್ರಶ್ನೆ: ಅಣ್ಣಾ, ನಮ್ಮ ಚಿಕ್ಕ ಕಾರಿಗೆ 9 ವರ್ಷ ಆಯ್ತು. ಮಡಿಕೇರಿಗೆ ಹೋಗುವಾಗ 40 ದಾಟಿದ ಕೂಡಲೇ ಮುಂದಿನಿಂದ ‘ಗುಂಯ್’ ಅಂತ ಸದ್ದು. ತೋಟದ ರಸ್ತೆಗೆ ಇಳಿದರೆ ‘ಗಡಗಡ’. ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದ್ದಾಯ್ತು. ಸದ್ದು ಹಾಗೇ ಇದೆ. ಇನ್ನೇನು ಬದಲಾಯಿಸಲಿ?
— ಒಬ್ಬ ಓದುಗ, ನಾಪೋಕ್ಲು

ಉತ್ತರ: ಸದ್ಯಕ್ಕೆ ಏನೂ ಬೇಡ. ನಿಮ್ಮದು ಒಂದು ಸದ್ದಲ್ಲ, ಎರಡು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇರಲಿಕ್ಕಿಲ್ಲ.

ಮೊದಲು ‘ಗುಂಯ್’. ವೇಗ ಏರಿದಂತೆ ಏರುವ ಸದ್ದು ಚಕ್ರದ ಬೇರಿಂಗಿನದು, ಇಲ್ಲವೇ ಟೈರಿನದು. ಇದನ್ನು ಪತ್ತೆ ಮಾಡಲು ಬಯಲುಸೀಮೆಯವರು ಖಾಲಿ ಮೈದಾನ ಹುಡುಕಬೇಕು. ನಮಗೆ ತಿರುವುಗಳು ಪುಕ್ಕಟೆ. ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ ಪಡಿ. ಬಲ ತಿರುವಿನಲ್ಲಿ ಜಾಸ್ತಿಯಾದರೆ ಎಡಗಡೆಯದು. ತಿರುವಿಗೂ ಸದ್ದಿಗೂ ಸಂಬಂಧವೇ ಇಲ್ಲದಿದ್ದರೆ ಟೈರಿನ ಮೇಲೆ ಅಂಗೈ ಸವರಿ ನೋಡಿ. ಅಲೆ ಅಲೆಯಾಗಿ ಸವೆದಿದ್ದರೆ ಮುಂದಿನದನ್ನು ಹಿಂದಕ್ಕೆ ಹಾಕಿಸಿ. ಸದ್ದೂ ಹಿಂದಕ್ಕೆ ಹೋದರೆ ಟೈರೇ ಕಳ್ಳ.

ಇನ್ನೊಂದು ಪರೀಕ್ಷೆ ಕಾಫಿ ಕಣದಲ್ಲಿ ಮಾಡಿ, ಜಾಗ ಸಮ ಇರುತ್ತದೆ ಅಲ್ವಾ. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನದನ್ನು ಜಾಕಿಯಲ್ಲಿ ಎತ್ತಿ. ಕಾರಿನ ಅಡಿಗೆ ಮಾತ್ರ ನುಗ್ಗಬೇಡಿ. ಒಂದು ಕೈ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದರಿಂದ ಚಕ್ರ ತಿರುಗಿಸಿ. ಬೇರಿಂಗ್ ಹೋಗಿದ್ದರೆ ಗರಗರ ಕೈಗೇ ಗೊತ್ತಾಗುತ್ತದೆ. ಆಮೇಲೆ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಡುತ್ತಿದ್ದರೆ ಮನೆಯವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್, ಅಂದರೆ ಚಕ್ರದ ಭಾಗವನ್ನು ಕೆಳಗಿನ ತೋಳಿಗೆ ಸೇರಿಸುವ ಗುಂಡು ಕೀಲು. ಎರಡರಲ್ಲಿ ಯಾವುದಾದರೂ ಆ ಗಾಡಿಯಲ್ಲಿ ಘಾಟಿ ಇಳಿಯಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.

ಮಳೆಗಾಲದಲ್ಲಿ ತೋಡು ದಾಟುವ ಅಭ್ಯಾಸ ಇದೆಯಾ? ಬೇರಿಂಗಿನ ಸೀಲು ಹಳತಾಗಿದ್ದರೆ ನೀರು, ಕೆಸರು ಒಳಗೆ ಹೋಗಿ ಗ್ರೀಸ್ ಹಾಳಾಗುತ್ತದೆ.

ಇನ್ನು ‘ಗಡಗಡ’. ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಏರಿದಾಗ ಸುಮ್ನಿದ್ದು, ತೋಟದ ಕಲ್ಲಿನಲ್ಲಿ ಒಂದು ಏರಿ ಒಂದು ಇಳಿದಾಗ ಮಾತ್ರ ಬಡಿದುಕೊಳ್ಳುತ್ತದಾ? ಹಾಗಾದರೆ ಬಹುಮಟ್ಟಿಗೆ ಸ್ಟೆಬಿಲೈಸರಿನ (ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಸರಳು) ಲಿಂಕ್ ರಾಡ್ ಅಥವಾ ಅದರ ರಬ್ಬರ್ ಬುಷ್. ಶಾಕ್ ಅಬ್ಸಾರ್ಬರಿಗಿಂತ ಎಷ್ಟೋ ಅಗ್ಗ. ಹಂಪಿನಲ್ಲೂ ‘ಧಡ್’ ಎಂದರೆ ಚಕ್ರ ಹಿಡಿದಿರುವ ಕೆಳಗಿನ ತೋಳಿನ (ಲೋವರ್ ಆರ್ಮ್) ಬುಷ್, ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕೂರುವ ಸ್ಟ್ರಟ್ ಮೌಂಟ್ ನೋಡಿಸಿ.

ಅದಕ್ಕೂ ಮೊದಲು ಡಿಕ್ಕಿ ಖಾಲಿ ಮಾಡಿ. ಕೆಲಸ ಕಲಿಯುವಾಗ ನಾನು ಒಂದು ಜೀಪಿನ ಬುಷ್‌ಗಳನ್ನೆಲ್ಲ ಬಿಚ್ಚಿ ಹಾಕಿದ್ದೆ. ಸದ್ದು ಮಾಡುತ್ತಿದ್ದದ್ದು ಹಿಂದಿನ ಸೀಟಿನಡಿಯ ಕಾಡು ಕಡಿಯುವ ಕತ್ತಿ. ಮಾಲೀಕರು ನಕ್ಕರು, ಮೇಸ್ತ್ರಿ ನಗಲಿಲ್ಲ.

ಪ್ರಶ್ನೆ: ಗೇಟಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟರೆ ‘ಟಕ್ ಟಕ್’ ಅನ್ನುತ್ತದೆ.
— ಓದುಗರು, ಸೋಮವಾರಪೇಟೆ

ಉತ್ತರ: ಆಕ್ಸಲಿನ ಹೊರಗಿನ ಜಾಯಿಂಟ್. ಚಕ್ರದ ಒಳಮೈಗೆ ಗ್ರೀಸ್ ಸಿಡಿದಿದ್ದರೆ ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟ್ ಹರಿದಿದೆ. ಸದ್ದು ಶುರುವಾಗುವ ಮೊದಲೇ ಕಂಡಿದ್ದರೆ ಬೂಟು, ಗ್ರೀಸಿನಲ್ಲಿ ಮುಗಿಯುತ್ತಿತ್ತು. ಈಗ ಜಾಯಿಂಟಿಗೂ ದುಡ್ಡು ತೆಗೆದಿಡಿ.

ಪ್ರಶ್ನೆ: ಕೆಸರಿನ ರಸ್ತೆಯಲ್ಲಿ ಹೋಗಿ ಬಂದ ಮೇಲೆ 60ರಲ್ಲಿ ಸ್ಟೇರಿಂಗ್ ನಡುಗುತ್ತದೆ, ಚಕ್ರದಲ್ಲಿ ‘ಕಿರ್ರ್’ ಅಂತ ಸದ್ದು ಬೇರೆ.
— ಓದುಗರು, ಕುಶಾಲನಗರ

ಉತ್ತರ: ರಿಮ್ಮಿನ ಒಳಗೆ ಕೆಸರು ಒಣಗಿ ಅಂಟಿಕೊಂಡಿರಬೇಕು. ಒಳಮೈಯನ್ನು ಪೈಪ್ ಹಿಡಿದು ಚೆನ್ನಾಗಿ ತೊಳೆಯಿರಿ. ‘ಕಿರ್ರ್’ ಎನ್ನುವುದು ಡಿಸ್ಕಿಗೂ ಹಿಂದಿನ ತಗಡಿಗೂ ನಡುವೆ ಸಿಕ್ಕಿದ ಕಲ್ಲಿರಬಹುದು. ಸ್ವಲ್ಪ ರಿವರ್ಸ್ ತೆಗೆದರೆ ಎಷ್ಟೋ ಸಲ ತಾನೇ ಉದುರುತ್ತದೆ. ಉದುರದಿದ್ದರೆ ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ನೋಡಿಸಿ.