ಒಂದೇ ಕಥೆ, ಎರಡು ಅರ್ಥ: ಯಾರದ್ದು ಸರಿ?

ಮನೆ ಬಿಟ್ಟು ಹೋದ ಸೊಸೆಯ ಕಥೆ ಓದಿ ನಿಮ್ಮ ಉಡುಪಿಯ ಓದುಕೂಟದಲ್ಲಿ ಒಬ್ಬರು "ಸೊಕ್ಕು" ಅಂದರು, ಇನ್ನೊಬ್ಬರು "ಧೈರ್ಯ" ಅಂದರು, ಯಾರದ್ದು ಸರಿ ಅಂತ ಕೇಳಿದ್ದೀರಿ. ಇಬ್ಬರೂ ತಂತಮ್ಮ ಮನೆಯನ್ನೇ ಕಥೆಯೊಳಗೆ ಓದಿಕೊಂಡಿದ್ದಾರೆ ಅಂತ ನನ್ನ ಗುಮಾನಿ.

ನಮ್ಮೂರಲ್ಲಿ ತಾಳಮದ್ದಳೆ, ಅಂದರೆ ವೇಷ-ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಇರುವಾಗ ಬೇರೆ ಉದಾಹರಣೆ ಎಂತಕ್ಕೆ ಮಾರಾಯ್ರೆ? ವಾಲಿವಧೆಯನ್ನೇ ತಗೊಳ್ಳಿ. ಭಾಗವತರು ಹಾಡುವ ಪದ್ಯ ಅದೇ. ಬಾಣ ತಾಗಿ ಬಿದ್ದ ವಾಲಿ ಪದ್ಯದ ಅರ್ಥವನ್ನು ಪಾತ್ರವಾಗಿ ಮಾತಾಡುವ ಒಬ್ಬ ಅರ್ಥಧಾರಿಯ ಬಾಯಲ್ಲಿ ವಕೀಲನ ಹಾಗೆ ರಾಮನನ್ನು ಪಾಟೀಸವಾಲಿಗೆ ಎಳೆಯುತ್ತಾನೆ: ಮರೆಯಲ್ಲಿ ನಿಂತು ಹೊಡೆಯುವುದು ಯಾವ ಧರ್ಮ? ಇನ್ನೊಬ್ಬರ ವಾಲಿ ಅಷ್ಟೊತ್ತಿಗೇ ಕರಗಿ ಭಕ್ತನಾಗಿರುತ್ತಾನೆ. ಕೇಳುವವರೂ ಹಾಗೇ. ಅಣ್ಣತಮ್ಮಂದಿರ ಆಸ್ತಿ ತಕರಾರಿನಲ್ಲಿ ಕೋರ್ಟು ಅಲೆದವರಿಗೆ ಸುಗ್ರೀವನ ಮೇಲೆ ಸಿಟ್ಟು. ಮಕ್ಕಳಿರುವವರಿಗೆ ಅಂಗದನನ್ನು ಒಪ್ಪಿಸುವ ಮಾತೇ ಕಿವಿಗೆ ಬೀಳುವುದು. ಆದರೆ ಎಂಥ ಘಟಾನುಘಟಿ ಅರ್ಥಧಾರಿಯೂ ವಾಲಿಯನ್ನು ಬದುಕಿಸಿ ಮನೆಗೆ ಕಳಿಸುವಂತಿಲ್ಲ, ಪದ್ಯ ಬಿಡುವುದಿಲ್ಲ. ಹಾಗಾಗಿ "ಅವರವರಿಗೆ ಕಂಡದ್ದೇ ಸರಿ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಹೀಗೆ ತಮ್ಮದನ್ನೇ ಓದಿಕೊಳ್ಳುವುದು ಕಲಿತವರಿಗೂ ತಪ್ಪಿದ್ದಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಿಮರ್ಶಕ ಐ. ಎ. ರಿಚರ್ಡ್ಸ್ ಕವಿಯ ಹೆಸರು ಹೇಳದೆ ಪದ್ಯ ಹಂಚಿ ಅಭಿಪ್ರಾಯ ಬರೆಸಿದ್ದರು. 1929ರಲ್ಲಿ ಅದು ಪುಸ್ತಕವಾಯಿತು. ಸಾಹಿತ್ಯದ ವಿದ್ಯಾರ್ಥಿಗಳೇ ತಮ್ಮ ನೆನಪು, ಸಿದ್ಧ ಭಾವನೆಗಳನ್ನೆಲ್ಲ ಪದ್ಯದ ತಲೆಗೆ ಕಟ್ಟಿದ್ದರು.

ಮುಂದಿನ ಸಲ "ಸೊಕ್ಕು" ಅಂದವರ ಕೈಗೆ ಪುಸ್ತಕ ಕೊಟ್ಟು, ಯಾವ ಸಾಲಿನಲ್ಲಿ ಕಂಡಿತು, ಓದಿ ಅನ್ನಿ. "ಧೈರ್ಯ"ದವರಿಗೂ ಅಷ್ಟೇ. ಸಾಲು ಸಿಗದಿದ್ದರೆ ಚಹಾ ತರಿಸಿ, ಅವರ ಮನೆಯ ಕಥೆಯನ್ನೇ ಕೇಳಿಬಿಡಿ.