ಕೌಂಟರಿಗೆ ಅಂಟಿಕೊಂಡ ಬಾತ್‌ರೂಮ್ ಬೇಸಿನ್ ಬಿಡಿಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಗ್ರಾನೈಟ್ ಕೌಂಟರಿನ ಕಂಡಿಯಲ್ಲಿ ಇಳಿಬಿಟ್ಟ ಬೇಸಿನ್, ಅದರ ಅಂಚು ಕಲ್ಲಿನ ಮೇಲೆ ಕೂತಿದೆ. ಪೈಪು, ಟ್ರ್ಯಾಪ್ (ಅಡಿಯ ಬಾಗಿದ ಪೈಪು) ಎಲ್ಲ ಬಿಚ್ಚಾಯಿತು. ಸುತ್ತಲಿನ ಸಿಲಿಕೋನ್ ಅಂಟನ್ನೂ ಕಟ್ಟರ್‌ನಲ್ಲಿ ಕೊಯ್ದಾಯಿತು. ಆದರೂ ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ. ಸ್ಕ್ರೂಡ್ರೈವರ್ ತುರುಕಿ ಮೀಟಿ ಎತ್ತಬಹುದಾ ಅಂತ ಕೇಳಿದ್ದೀರಿ.

ಬೇಡ. ಪಿಂಗಾಣಿ ಬಾಗುವುದಿಲ್ಲ. ಒಂದೇ ಕಡೆ ಒತ್ತಡ ಬಿದ್ದರೆ ಚಕ್ಕೆ ಏಳುತ್ತದೆ. ಬೇಸಿನ್ ಹಾಳಾದರೆ ಆಗಲಿ, ಹೇಗೂ ಬದಲಾಯಿಸುತ್ತಿದ್ದೇನೆ ಅನ್ನಬಹುದು. ಆದರೆ ಕಂಡಿಯ ಹಿಂದೆ, ಮುಂದೆ ಉಳಿದಿರುವ ಕಲ್ಲಿನ ಪಟ್ಟಿ ಕೆಲವೇ ಇಂಚು ಅಗಲ ಇರುತ್ತದೆ. ಇಡೀ ಕೌಂಟರಿನಲ್ಲಿ ಬೇಗ ಬಿರುಕು ಬಿಡುವ ಜಾಗ ಅದು. ಮೀಟುವಾಗ ಭಾರವೆಲ್ಲ ಬೀಳುವುದೂ ಅದರ ಮೇಲೆಯೇ.

ಕೊಯ್ದರೂ ಯಾಕೆ ಬಿಡುತ್ತಿಲ್ಲ ಅಂದರೆ, ನೀವು ಕೊಯ್ದಿದ್ದು ಹೊರಗಿನ ಗೆರೆ ಮಾತ್ರ. ಅದು ನೀರು ಒಳಗೆ ಇಳಿಯದಿರಲಿ ಅಂತ ಕೊನೆಗೆ ಎಳೆದಿದ್ದು. ಬೇಸಿನ್ ಕೂರಿಸುವ ಮುಂಚೆ ಕಂಡಿಯ ಸುತ್ತ ಇನ್ನೊಂದು ಸುತ್ತು ದಪ್ಪಗೆ ಹಾಕಿ, ಅದರ ಮೇಲೆ ಬೇಸಿನ್ ಒತ್ತಿರುತ್ತಾರೆ. ಹಿಡಿದುಕೊಂಡಿರುವುದು ಅದು. ಅಂಚಿನ ಅಡಿ ಅಷ್ಟು ಒಳಗೆ ಕಟ್ಟರಿನ ತುದಿ ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಮೊದಲು ಟಾರ್ಚ್ ಹಿಡಿದು ಕೌಂಟರಿನ ಕೆಳಗೆ ಹೋಗಿ. ಕೆಲವು ಬೇಸಿನ್‌ಗಳಿಗೆ ಅಡಿಯಿಂದ ಕ್ಲಿಪ್ ಬಿಗಿದಿರುತ್ತಾರೆ. ಒಂದೇ ಒಂದು ಉಳಿದಿದ್ದರೂ ನಿಮ್ಮ ಶ್ರಮವೆಲ್ಲ ವ್ಯರ್ಥ. ಅಲ್ಲೇ ಕಾಣುವ ಅಂಟಿಗೆ ಉಗುರು ಒತ್ತಿ ನೋಡಿ. ರಬ್ಬರಿನ ಹಾಗೆ ಒಳಗೆ ಹೋದರೆ ಸಿಲಿಕೋನ್. ಕಲ್ಲಿನಷ್ಟು ಗಟ್ಟಿ ಇದ್ದರೆ ಎಪಾಕ್ಸಿ ಅಥವಾ ವೈಟ್ ಸಿಮೆಂಟ್. ವೇಸ್ಟ್ ಪೈಪಿನ ಬಾಯಿಗೆ ಒಂದು ಬಟ್ಟೆಯನ್ನೂ ತುರುಕಿಬಿಡಿ. ವಾಸನೆ ಬರುವುದಿಲ್ಲ, ಸ್ಕ್ರೂ ಒಳಗೆ ಬೀಳುವುದಿಲ್ಲ.

ಸಿಲಿಕೋನ್ ಆಗಿದ್ದರೆ ಎಳೆಯುವ ಯೋಚನೆ ಬಿಟ್ಟು ತಂತಿಯಿಂದ ಕೊಯ್ಯಿರಿ. ಗಿಟಾರಿನ ತೆಳ್ಳಗಿನ ಉಕ್ಕಿನ ತಂತಿ ಇದಕ್ಕೆ ಹೇಳಿ ಮಾಡಿಸಿದ್ದು. ಎರಡೂ ತುದಿಯನ್ನು ಕಡ್ಡಿಗೆ ಸುತ್ತಿಕೊಳ್ಳಿ, ಇಲ್ಲದಿದ್ದರೆ ಬೆರಳು ಕೊಯ್ಯುತ್ತದೆ. ಅಂಚಿನ ಅಡಿ ಒಂದು ಕಡೆ ತೆಳು ಪುಟ್ಟಿ ಬ್ಲೇಡ್ ತೂರಿಸಿ ದಾರಿ ಮಾಡಿ, ಅಲ್ಲಿಂದ ತಂತಿಯ ಒಂದು ತುದಿಯನ್ನು ಕಂಡಿಯ ಒಳಕ್ಕೆ ಇಳಿಸಿ. ಒಬ್ಬರು ಕೆಳಗೆ ಕೂತು ಹಿಡಿದುಕೊಳ್ಳಬೇಕು, ಇನ್ನೊಬ್ಬರು ಮೇಲಿಂದ. ಗರಗಸ ಎಳೆದ ಹಾಗೆ ಆಚೆ ಈಚೆ ಎಳೆಯುತ್ತಾ ಸುತ್ತ ಬನ್ನಿ. ಕೆಳಗೆ ಕೂತವರದ್ದೇ ಕಷ್ಟದ ಕೆಲಸ, ಹಾಗಾಗಿ ನಾನು ಯಾವಾಗಲೂ ಮೇಲೆ ನಿಲ್ಲುತ್ತೇನೆ.

ಅಂಟು ಕೊಯ್ಯುತ್ತಿರುವಾಗ ತಂತಿಗೆ ಬಿಳಿ ಪುಡಿ ಮೆತ್ತಿಕೊಂಡು ಬರುತ್ತದೆ, ಕೈಗೂ ಬಿಗಿತ ಗೊತ್ತಾಗುತ್ತದೆ. ಪುಡಿ ನಿಂತು ತಂತಿ ಸಡಿಲವಾಗಿ ಓಡಿದರೆ ಆ ಭಾಗ ಬಿಟ್ಟಿತು ಅಂತ ಲೆಕ್ಕ. ತಂತಿ ಒಂದು ಕಡೆ ಟಕ್ ಅಂತ ನಿಂತರೆ ಜೋರು ಮಾಡಬೇಡಿ. ನೋಡದೆ ಬಿಟ್ಟ ಕ್ಲಿಪ್ಪೋ ಸಿಮೆಂಟಿನ ಉಂಡೆಯೋ ಇರುತ್ತದೆ.

ಎಣ್ಣೆ ಸ್ಪ್ರೇ, ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಹಾಕಿ ಅಂತ ಯಾರಾದರೂ ಹೇಳಿದರೆ ಸುಮ್ನೆ ಕೇಳಿಸಿಕೊಳ್ಳಿ. ಒಣಗಿದ ಸಿಲಿಕೋನ್ ಅದರಲ್ಲಿ ಕರಗುವುದಿಲ್ಲ. ಹೀಟ್ ಗನ್ನೂ ಅಷ್ಟೆ. ಸಿಲಿಕೋನ್ 150 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನೂ ತಡೆಯುತ್ತದೆ, ಅದಕ್ಕಿಂತ ಮೊದಲೇ ನಿಮ್ಮ ಬೇಸಿನ್ ಬಿರುಕು ಬಿಟ್ಟೀತು. ಎಪಾಕ್ಸಿಯ ವಿಷಯ ಬೇರೆ. ಅದು ಬಿಸಿಗೆ ಮೆತ್ತಗಾಗುತ್ತದೆ. ಒಂದೇ ಕಡೆ ಹಿಡಿಯದೆ ನಿಧಾನವಾಗಿ ಬಿಸಿ ಮಾಡಿ, ಮೆತ್ತಗಿರುವಾಗಲೇ ಬ್ಲೇಡ್ ತೂರಿಸಿ.

ಸುತ್ತ ಕೊಯ್ದ ಮೇಲೂ ಕೂತೇ ಇದ್ದರೆ ಕೆಳಗಿಂದ ತಳ್ಳಬೇಕು. ಕಾರಿನ ಸ್ಕ್ರೂ ಜಾಕ್ ಒಂದನ್ನು ಗಟ್ಟಿ ಹಲಗೆಯ ಮೇಲಿಟ್ಟು, ಬೇಸಿನ್ನಿನ ತಳಕ್ಕೆ ಮರದ ತುಂಡು, ಮಡಿಸಿದ ಬಟ್ಟೆ ಕೊಟ್ಟು ಬಿಗಿಯಾಗುವಷ್ಟು ಮಾತ್ರ ತಿರುಗಿಸಿ. ಆಮೇಲೆ ಬಿಟ್ಟು ಚಹಾ ಕುಡಿದು ಬನ್ನಿ. ನಿಂತ ಒತ್ತಡಕ್ಕೆ ಸಿಲಿಕೋನ್ ಮೆಲ್ಲಗೆ ಹರಿದು ಬಿಟ್ಟುಕೊಳ್ಳುತ್ತದೆ. ತೆರೆದ ಸಂದಿಗೆ ಮರದ ಬೆಣೆ ಇಟ್ಟು, ಮತ್ತೆ ತಂತಿ ಆಡಿಸಿ, ಮತ್ತೆ ಕಾಲು ಸುತ್ತು. ಹೀಗೆಯೇ ಹೋಗಬೇಕು. ಜಾಕ್ ಸಿಕ್ಕಿತು ಅಂತ ಒಂದೇ ಸಲ ಏರಿಸಿದರೆ ಸ್ಕ್ರೂಡ್ರೈವರಿನ ಕಥೆಯೇ.

ವೈಟ್ ಸಿಮೆಂಟ್ ಆಗಿದ್ದರೆ, ಬೇಸಿನ್ ಹೇಗೂ ಬಿಸಾಡುವುದಾದರೆ, ಒಡೆಯುವುದೇ ವಾಸಿ. ಕನ್ನಡಕ, ದಪ್ಪ ಗ್ಲೌಸ್ ಹಾಕಿಕೊಳ್ಳಿ, ಬಟ್ಟೆ ಹೊದಿಸಿ, ನೀರು ಹೋಗುವ ತೂತಿನ ಹತ್ತಿರ ಸಣ್ಣ ಸಣ್ಣ ಏಟು ಹಾಕಿ. ಅಂಚಿಗೆ ಹೊಡೆದರೆ ಆ ಏಟು ಕಲ್ಲಿಗೇ ಬೀಳುತ್ತದೆ. ಬಟ್ಟಲು ಹೋದ ಮೇಲೆ ಅಂಚಿನ ಚೂರುಗಳನ್ನು ಒಳಗಡೆಯಿಂದ ಬಿಡಿಸುವುದು ಸುಲಭ. ಚೂರುಗಳು ಗಾಜಿಗಿಂತ ಕಮ್ಮಿ ಇಲ್ಲ, ಬರಿಗೈಯಲ್ಲಿ ಬಾಚಬೇಡಿ.

ಇದನ್ನು ಓದುವ ಬೇರೆಯವರಿಗೆ: ನಿಮ್ಮದು ಕಲ್ಲಿನ ಮೇಲೆ ಪೂರ್ತಿ ಕೂತ ಬೇಸಿನ್ ಆದರೆ ಮೊದಲು ವೇಸ್ಟ್ ಕಪ್ಲಿಂಗಿನ (ನೀರು ಹೋಗುವ ತೂತಿಗೆ ಹಾಕಿದ ಕೊಳವೆ) ನಟ್ ಬಿಚ್ಚಿ. ಅದು ಬೇಸಿನ್ನನ್ನು ಕಲ್ಲಿಗೆ ಸೇರಿಸಿ ಬಿಗಿದಿರುತ್ತದೆ. ಕಲ್ಲಿನ ಅಡಿಯಲ್ಲಿ ಅಂಟಿಸಿದ ಬೇಸಿನ್ ಆದರೆ ಕೊಯ್ಯುವ ಮುಂಚೆಯೇ ಕೆಳಗೆ ಊರುಗೋಲು ಕೊಡಿ. ಇಲ್ಲದಿದ್ದರೆ ಬಿಟ್ಟ ಕ್ಷಣ ಕೆಳಗೆ ಕೂತವರ ತೊಡೆ ಮೇಲೆ ಬೀಳುತ್ತದೆ.

ಬೇಸಿನ್ ಎದ್ದ ಮೇಲೆ ಕಲ್ಲಿನ ಮೇಲಿನ ಹಳೇ ಸಿಲಿಕೋನನ್ನು ಬ್ಲೇಡ್ ಮಲಗಿಸಿ ಪೂರ್ತಿ ಕೆರೆಯಿರಿ. ಹಳೆಯದರ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ. ಮಾರ್ಬಲ್ ಕೌಂಟರ್ ಇರುವವರು ವಿನೆಗರ್ ವಾಸನೆಯ ಸಿಲಿಕೋನ್ ತರಬೇಡಿ, ಅದರ ಆಮ್ಲ ಕಲ್ಲನ್ನು ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದಿರುವುದನ್ನೇ ಕೇಳಿ ತನ್ನಿ.